ಗಣೇಶನ ಹಾಡು ಹಿಡಿದುಕೊಟ್ಟ ಮುನ್ನೂರು ಮದುವೆ

ನನ್ನ ಹತ್ತಿರ ನಲವತ್ತು ಸಾವಿರಕ್ಕೂ ಮೀರಿ ಹಾಡುಗಳಿವೆ. ಕಾಸು ಬಿಚ್ಚಿ ಕೊಂಡದ್ದು ಬಹಳ ಕಡಿಮೆ. ಮಿಕ್ಕದ್ದೆಲ್ಲ ಚೌಕಾಸಿಯಲ್ಲೇ ಸಂಪಾದಿಸಿದ್ದು.

ಯಲಹಂಕದ ಹಳೇ ಊರಿನಲ್ಲಿ ಎರಡು ಹಾರ್ನು, ಒಂದು ಸೆಕೆಂಡ್ ಹ್ಯಾಂಡ್ ಆಂಪ್ಲಿಫಯರ್ ಇಟ್ಟುಕೊಂಡು ಮೈಕ್ ಸೆಟ್ ಬಾಡಿಗೆಗೆ ಕೊಡಲು ಶುರು ಮಾಡಿದವನು ನಾನು. ಆಮೇಲೆ ಶಾಮಿಯಾನ ಬಂತು, ಕುರ್ಚಿ ಬಂದವು, ಪಾತ್ರೆ ಬಂದವು. ಯಶವಂತಪುರದಲ್ಲಿ ಒಬ್ಬರು ಕ್ಯಾಸೆಟ್ ಅಂಗಡಿ ಮುಚ್ಚುತ್ತಿದ್ದಾರೆಂದು ಗೊತ್ತಾದಾಗ ಅವರ ಮೊಮ್ಮಗುವಿನ ನಾಮಕರಣಕ್ಕೆ ಶಾಮಿಯಾನ, ಕುರ್ಚಿ ಎಲ್ಲ ಪುಕ್ಕಟೆ ಹಾಕಿಸಿಕೊಟ್ಟೆ. ಬದಲಿಗೆ ಅಂಗಡಿಯ ಎರಡು ಗೋಡೆಯಷ್ಟು ಕ್ಯಾಸೆಟ್ಟನ್ನು ಲಗೇಜ್ ಆಟೋದಲ್ಲಿ ತುಂಬಿಸಿಕೊಂಡು ಬಂದೆ. ಆರ್.ಟಿ. ನಗರದಲ್ಲಿ ಮೊಬೈಲಿನ ಮೆಮೊರಿ ಕಾರ್ಡಿಗೆ ಹಾಡು ತುಂಬಿಕೊಡುತ್ತಿದ್ದ ಅಂಗಡಿಯವನ ಹತ್ತಿರ ಕೂತು, ನಿನ್ನದೆಲ್ಲ ನನಗೆ, ನನ್ನದೆಲ್ಲ ನಿನಗೆ ಎಂದು ಒಂದೇ ಮಾತಿನಲ್ಲಿ ವ್ಯಾಪಾರ ಮುಗಿಸಿದೆ. ಅವನ ಹತ್ತಿರ ನನ್ನ ಮೂರರಷ್ಟಿತ್ತು. ಅದನ್ನು ಮೊದಲೇ ನೋಡಿಕೊಂಡಿದ್ದೆ, ಬಾಯಿಬಿಟ್ಟಿರಲಿಲ್ಲ.

ಕ್ಯಾಸೆಟ್ಟುಗಳನ್ನೆಲ್ಲ ತಂತಿ ಸಿಕ್ಕಿಸಿ ಕಂಪ್ಯೂಟರಿಗೆ ಇಳಿಸಿದೆ. ಎಲ್ಲವೂ ಎರಡು ಹಾರ್ಡ್ ಡಿಸ್ಕಿನೊಳಗೆ ಸೇರಿಕೊಂಡು ವರ್ಷಗಟ್ಟಲೆ ಹಾಗೇ ಬಿದ್ದಿದ್ದವು. ತೆರೆದರೆ ಟ್ರ್ಯಾಕ್ ಒಂದು, ಅದರ ಕೆಳಗೆ ಟ್ರ್ಯಾಕ್ ಒಂದು, ಅದರ ಕೆಳಗೆ ಮತ್ತೆ ಟ್ರ್ಯಾಕ್ ಒಂದು. ಗೋದಾಮಿನ ತುಂಬ ಮೂಟೆ, ಒಂದರ ಮೇಲೂ ಬರಹವಿಲ್ಲ. ಅಂಥ ಸರಕು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಹೋದ ವರ್ಷ ಮಳೆಗಾಲದಲ್ಲಿ ಶಾಮಿಯಾನದ ಕೆಲಸ ಕಡಿಮೆಯಾದಾಗ, ಇದಕ್ಕೊಂದು ಗತಿ ಕಾಣಿಸಲೇಬೇಕೆಂದು ಕೂತೆ.

ಹಾಡಿನ ಫೈಲಿನ ಒಳಗೇ ಒಂದು ಚೀಟಿ ಇರುತ್ತದೆ. ಹಾಡಿನ ಹೆಸರು, ಹಾಡಿದವರು, ವರ್ಷ, ಬಗೆ ಎಂದು ಅದರಲ್ಲಿ ಖಾನೆಗಳು. ಆ ಖಾನೆಗಳನ್ನು ತುಂಬುವುದಕ್ಕೆ ಟ್ಯಾಗ್ ಹಾಕುವುದು ಎನ್ನುತ್ತಾರೆ. ದಿನಸಿ ಅಂಗಡಿಯವರು ಡಬ್ಬಗಳ ಮೇಲೆ ಬರೆದು ಅಂಟಿಸುತ್ತಾರಲ್ಲ, ಅಷ್ಟೇ ವಿದ್ಯೆ. ಮೊಬೈಲಿನಲ್ಲಿ ವಿಡಿಯೊ ನೋಡಿಕೊಂಡು ಎರಡೇ ದಿನದಲ್ಲಿ ಕಲಿತೆ. ಇದಕ್ಕೆ ದುಡ್ಡು ಕೇಳುವ ಸಾಫ್ಟ್‌ವೇರುಗಳೂ ಇವೆ, ತೆಗೆದುಕೊಳ್ಳಬೇಡಿ. ಪುಕ್ಕಟೆ ಸಿಗುವುದೇ ಧಾರಾಳ ಸಾಕು.

ಎಲ್ಲರೂ ‘ಬಗೆ’ ಎನ್ನುವ ಖಾನೆಯಲ್ಲಿ ಭಕ್ತಿಗೀತೆ, ಚಿತ್ರಗೀತೆ, ಜಾನಪದ ಎಂದು ಬರೆಯುತ್ತಾರೆ. ನಾನು ಬರೆದದ್ದೇ ಬೇರೆ: ಚಪ್ಪರ, ಅರಿಶಿನ, ಮುಹೂರ್ತ, ಮೊದಲ ಪಂಕ್ತಿ, ಎರಡನೇ ಪಂಕ್ತಿ, ಹೆಣ್ಣು ಒಪ್ಪಿಸುವುದು. ಮೂವತ್ತು ವರ್ಷ ಮದುವೆಮನೆಗಳ ಮೂಲೆಯಲ್ಲಿ ಮೈಕಿನ ಮುಂದೆ ಕೂತವನಿಗೆ ಹಾಡು ಯಾವ ಸಿನಿಮಾದ್ದು ಎನ್ನುವುದಕ್ಕಿಂತ ಯಾವ ಹೊತ್ತಿನದು ಎನ್ನುವುದೇ ಮುಖ್ಯ. ಮೊದಲ ಪಂಕ್ತಿಗೆ ಕೂತವರು ಹಸಿದಿರುತ್ತಾರೆ, ಅವರಿಗೆ ಯಾವ ಹಾಡೂ ಕಿವಿಗೆ ಬೀಳುವುದಿಲ್ಲ, ಬರೀ ವಾದ್ಯ ಸಾಕು. ಎರಡನೇ ಪಂಕ್ತಿಯವರು ಕಾದು ಕಾದು ಸಿಟ್ಟಾಗಿರುತ್ತಾರೆ, ಅವರಿಗೆ ಕಾಲು ತಾಳ ಹಾಕುವಂಥದ್ದು ಬೇಕು.

ನನ್ನ ಹೆಂಡತಿ ಕಾಫಿ ತಂದಿಟ್ಟವಳು ಪರದೆ ನೋಡಿ ನಕ್ಕಳು. “ಊಟದ ಲೆಕ್ಕದಲ್ಲಿ ಹಾಡು ಜೋಡ್ಸಿರೋರು ಪ್ರಪಂಚದಲ್ಲಿ ನೀವೊಬ್ರೇ ಕಣ್ರೀ. ಮೂರನೇ ಪಂಕ್ತಿಗೆ ಏನ್ ಹಾಕ್ತೀರಾ?”

“ಮೂರನೇ ಪಂಕ್ತಿ ಹೊತ್ತಿಗೆ ಸಾರು ನೀರಾಗಿರುತ್ತೆ. ಜನಾನೇ ರಾಗ ಶುರು ಹಚ್ಕೋತಾರೆ ಬಿಡು.”

ಹೀಗೆ ಮೂರು ಸಾವಿರ ಹಾಡಿಗೆ ಚೀಟಿ ಬರೆದು ಮುಗಿಸಿದ್ದಾಗ, ಒಂದು ಬೆಳಿಗ್ಗೆ ದೊಡ್ಡಮ್ಮ ಬಂದರು. ರಕ್ತಸಂಬಂಧವೇನಲ್ಲ, ನಮ್ಮ ಬೀದಿಯಲ್ಲಿ ಎಲ್ಲರೂ ಅವರನ್ನು ಕರೆಯುವುದೇ ಹಾಗೆ. ಒಂದು ಕಾಲಕ್ಕೆ ಯಲಹಂಕದಿಂದ ರಾಜಾನುಕುಂಟೆಯವರೆಗೆ ಯಾರ ಮನೆ ಮದುವೆಯಾದರೂ ಅರಿಶಿನ ಶಾಸ್ತ್ರಕ್ಕೆ ಸೋಬಾನೆ ಪದ ಹೇಳಲು ಅವರೇ ಬೇಕಿತ್ತು. ಅವರು ಮುಂದೆ ಒಂದು ಸೊಲ್ಲು ಹೇಳುವುದು, ಹಿಂದೆ ಕೂತ ನಾಲ್ವರು ಹೆಂಗಸರು ಅದನ್ನೇ ಎತ್ತಿ ಹೇಳುವುದು. ಹೊಲಗಳೆಲ್ಲ ಲೇಔಟ್ ಆದವು, ಆ ನಾಲ್ವರೂ ಚದುರಿದರು. ದೊಡ್ಡಮ್ಮನ ಮಗ ಈಗ ಕಟ್ಟಡ ಕಟ್ಟಿಸಿ ಮಾರುವವನು. ಆದರೂ ಅವರು ಬಂದರೆ ಕೂರುವುದು ನಮ್ಮ ಮನೆಯ ಮೆಟ್ಟಿಲ ಮೇಲೇ.

“ಮಗಾ, ನಿನ್ ಪೆಟ್ಟಿಗೇಲಿ ನನ್ ಆಡು ಐತಾ?” ಎಂದರು. ಹಾಡು ಅವರ ಬಾಯಲ್ಲಿ ಆಡು.

“ಯಾವುದು ದೊಡ್ಡಮ್ಮ?”

“ಅರಿಶಿಣ ಕುಟ್ಟೋದು. ಒಂಬತ್ತು ಸೊಲ್ಲು. ಐದು ಬತ್ತದೆ, ಆರನೇದು ಬರಲ್ಲ. ನಾಲಿಗೆ ತುದೀಲೇ ಐತೆ, ಈಚೆಗೆ ಬಾ ಅಂದ್ರೆ ಬರಲ್ಲ.”

ವಿಷಯ ನನಗೆ ಗೊತ್ತಿತ್ತು. ಹಿಂದಿನ ವರ್ಷ ಒಬ್ಬ ಮೊಮ್ಮಗನ ಮದುವೆಯಲ್ಲಿ ದೊಡ್ಡಮ್ಮ ಇದೇ ಪದ ಎತ್ತಿಕೊಂಡು ಐದನೇ ಸೊಲ್ಲಿಗೆ ನಿಂತುಬಿಟ್ಟಿದ್ದರು. ಆ ಆರನೆಯದು ಸಾಮಾನ್ಯದ ಸೊಲ್ಲಲ್ಲ. ಸೋದರತ್ತೆ ಬಂದು ಒನಕೆ ಹಿಡಿಯಬೇಕೆಂದು ಕರೆಯುವುದೇ ಅದರಲ್ಲಿ. ಅದನ್ನು ಹೇಳದೆ ಒರಳಿಗೆ ಒನಕೆ ಬೀಳುವ ಹಾಗಿಲ್ಲ. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡುತ್ತಾ ನಿಂತಿದ್ದಾಗ ಡಿಜೆ ಹುಡುಗ ಪಾರ್ಟಿ ಹಾಡು ಹಾಕಿದ, ಹುಡುಗರು ಶಿಳ್ಳೆ ಹೊಡೆದರು, ಯಾರೋ ದೊಡ್ಡಮ್ಮನ ತೆರೆದ ಬಾಯಿಯನ್ನು ವಿಡಿಯೊ ಮಾಡಿ ಮನೆಯವರ ವಾಟ್ಸಾಪ್ ಗುಂಪಿಗೆ ಬಿಟ್ಟರು.

ಈಗ ಮೊಮ್ಮಗಳ ಮದುವೆ, ಇನ್ನು ಹನ್ನೊಂದೇ ದಿನ. ಅರಿಶಿನ ಶಾಸ್ತ್ರಕ್ಕೆ ಈಗ ಹಳದಿ ಫಂಕ್ಷನ್ ಎನ್ನುತ್ತಾರೆ. ರಾಜಾನುಕುಂಟೆ ದಾರಿಯ ಛತ್ರದಲ್ಲಿ, ಗಂಡಿನ ಕಡೆ ಹೆಣ್ಣಿನ ಕಡೆ ಒಟ್ಟಿಗೇ. ಆ ಹುಡುಗಿಗೆ ಅಜ್ಜಿ ಎಂದರೆ ಪ್ರಾಣ. ಅದಕ್ಕೇ ಹೇಳಿದ್ದಳಂತೆ: “ಅಜ್ಜೀ, ಪೂರ್ತಿ ಬಂದ್ರೆ ನೀನೇ ಹೇಳು. ಅರ್ಧಕ್ಕೆ ನಿಲ್ಲೋದಾದ್ರೆ ಬೇಡ. ನಿನ್ನ ನೋಡಿ ಇನ್ನೊಂದ್ಸಲ ಯಾರೂ ನಗ್ಬಾರ್ದು.”

“ಹಿಂದೆ ಹೇಳ್ತಿದ್ದೋರನ್ನ ಕೇಳ್ಬಾರ್ದಾ ದೊಡ್ಡಮ್ಮ?” ಎಂದೆ.

“ಕೇಳ್ದೆ ಕಣೋ! ಚಿಕ್ಕಜಾಲದೋಳಿಗೂ ಫೋನ್ ಮಾಡ್ಸ್ದೆ, ದಾಸರಳ್ಳೀಲಿ ಮಗಳ ಮನೇಲಿ ಇರೋಳು, ಅವಳಿಗೂ ಮಾಡ್ಸ್ದೆ. ನೀನ್ ಮುಂದೆ ಏಳು ಅಕ್ಕ, ನಾವ್ ಹಿಂದೆ ಏಳ್ತೀವಿ ಅಂತಾರೆ! ಮುಂದೆ ಬಂದಿದ್ರೆ ನಾನ್ಯಾಕ್ ಕೇಳ್ತಿದ್ದೆ?”

ನನ್ನ ಹತ್ತಿರ ಇದ್ದೇ ಇರುತ್ತದೆ ಎಂದು ನನಗೆ ಖಾತ್ರಿ ಇತ್ತು, ಏಕೆಂದರೆ ಮೈಕ್ ಹಾಕಿದ ಪ್ರತಿಯೊಂದು ಮನೆಯ ಕಾರ್ಯವನ್ನೂ ನಾನು ಮೊದಲಿನಿಂದ ರೆಕಾರ್ಡ್ ಮಾಡುತ್ತಿದ್ದೆ. ಸಂಗೀತದ ಮೇಲಿನ ಪ್ರೀತಿಗಲ್ಲ. ಬಾಡಿಗೆ ಕೊಡುವ ಹೊತ್ತಿಗೆ ‘ನಿಮ್ ಮೈಕು ಅರ್ಧ ದಿನ ಕೆಲಸಾನೇ ಮಾಡ್ಲಿಲ್ಲ’ ಎನ್ನುವವರು ಬಹಳ. ಕ್ಯಾಸೆಟ್ ತೆಗೆದು ಕೇಳಿಸಿದರೆ ಬಾಯಿ ಮುಚ್ಚುತ್ತಿದ್ದರು. ಯಾವ ವ್ಯಾಪಾರವಾದರೂ ಸಾಕ್ಷಿ ಇಟ್ಟುಕೊಳ್ಳಿ. ಜಗಳಕ್ಕೇ ಬೇಕೆಂದಿಲ್ಲ, ಬೇರೆ ಏನಕ್ಕಾದರೂ ಬರುತ್ತದೆ.

“ಹನ್ನೊಂದು ದಿನ ಯಾಕೆ? ನಾಲ್ಕೇ ದಿನ ಸಾಕು, ತೆಗೆದು ಕೈಗಿಡ್ತೀನಿ,” ಎಂದುಬಿಟ್ಟೆ.

ಹೇಳಿದ ಮೇಲೆ ಹಾರ್ಡ್ ಡಿಸ್ಕ್ ಮುಂದೆ ಕೂತೆ. ಆ ರೆಕಾರ್ಡಿಂಗುಗಳೂ ಟ್ರ್ಯಾಕ್ ಒಂದುಗಳ ನಡುವೆ ಎಲ್ಲೆಲ್ಲೋ ಕರಗಿಹೋಗಿದ್ದವು. ಒಂದೊಂದೇ ತೆರೆದು ಕೇಳುತ್ತಾ ಹೋದರೆ ಮೊಮ್ಮಗಳ ಮಗಳ ಮದುವೆ ಬರುತ್ತದೆ. ಮೊದಲು ಗುಡ್ಡೆಯನ್ನು ಸಣ್ಣದು ಮಾಡೋಣ ಎಂದು ಉಪಾಯ ಹೂಡಿದೆ. ಒಂದೇ ಹಾಡು ಎರಡೆರಡು ಮೂರು ಮೂರು ಸಲ ಇದ್ದರೆ ಹುಡುಕಿ ತೆಗೆಯುವ ಒಂದು ಸಾಫ್ಟ್‌ವೇರ್ ಇದೆ. ಅದರಲ್ಲಿ ಎರಡು ದಾರಿ. ಹಾಡನ್ನು ಪೂರ್ತಿ ಕೇಳಿ ಹೋಲಿಸುವುದು ನಿಧಾನದ ದಾರಿ, ಮೊದಲ ಒಂದು ನಿಮಿಷ ಮಾತ್ರ ಹೋಲಿಸುವುದು ಬೇಗದ ದಾರಿ. ಅವಸರದವನು ಯಾವುದನ್ನು ಹಿಡಿಯುತ್ತಾನೆ? ಬೇಗದ್ದನ್ನೇ ಒತ್ತಿದೆ.

ಬೆಳಿಗ್ಗೆ ಒತ್ತಿದ್ದು ಮಧ್ಯಾಹ್ನದ ಹೊತ್ತಿಗೆ ಮುಗಿಯಿತು. ಏನು ಹೇಳಲಿ, ಖುಷಿಯೋ ಖುಷಿ! ಎಂಟು ಸಾವಿರ ಹಾಡು ಜಾಸ್ತಿ ಇವೆ ಎಂದು ತೋರಿಸಿತು. ಅದರಲ್ಲೂ ಗಣೇಶನ ಮೇಲಿನ ಒಂದು ಹಳೇ ಭಕ್ತಿಗೀತೆ ಒಂದೇ ಮುನ್ನೂರ ಹದಿನೇಳು ಸಲ ಇದೆಯಂತೆ. ಎಷ್ಟು ಜಾಗ ದಂಡ! ಹೆಂಡತಿಯನ್ನು ಕೂಗಿ ಕರೆದು ತೋರಿಸಿ, ಅವಳ ಮುಂದೆಯೇ ‘ತೆಗೆ’ ಎನ್ನುವುದನ್ನು ಒತ್ತಿ, ಯುದ್ಧ ಗೆದ್ದವನ ಹಾಗೆ ಊಟಕ್ಕೆ ಹೋದೆ.

ಮುದ್ದೆ ಮುರಿದು ಸಾರಿಗೆ ಅದ್ದಿದೆ. ಬಾಯಿಗೆ ಹೋಗಲಿಲ್ಲ.

ಮುನ್ನೂರ ಹದಿನೇಳು? ಅದೇ ಹಾಡನ್ನು ಅಷ್ಟು ಸಲ ಯಾರು ಕೊಟ್ಟರು ನನಗೆ?

ಯಾರೂ ಕೊಟ್ಟಿರಲಿಲ್ಲ. ನಾನೇ ಹಾಕಿದ್ದು. ನಮ್ಮ ಕಡೆ ಯಾವ ಮೈಕ್ ಸೆಟ್ಟಿನವನೂ ಗಣೇಶನ ಹಾಡಿಲ್ಲದೆ ಮೈಕ್ ಶುರು ಮಾಡುವುದಿಲ್ಲ. ನಾನಂತೂ ಮೂವತ್ತು ವರ್ಷ ಒಂದೇ ಕ್ಯಾಸೆಟ್ಟಿನ ಒಂದೇ ಹಾಡು ಹಾಕಿದವನು. ಅದು ಕೈಗೆ ಕೂಡಿಬಂದದ್ದು, ಬದಲಾಯಿಸಲು ಹೆದರಿಕೆ. ರೆಕಾರ್ಡು ಒತ್ತುವುದು, ಗಣೇಶನನ್ನು ಹಾಕುವುದು, ಆಮೇಲೆ ಮಿಕ್ಕಿದ್ದು. ಒಂದು ಮದುವೆಯ ಕ್ಯಾಸೆಟ್ಟುಗಳನ್ನೆಲ್ಲ ಸೇರಿಸಿ ಒಂದೇ ಫೈಲಾಗಿ ಇಳಿಸಿದ್ದೆ, ಅಂದರೆ ಪ್ರತಿ ಮದುವೆಯ ರೆಕಾರ್ಡಿಂಗಿನ ಮೊದಲ ನಿಮಿಷವೂ ಅದೇ. ಒಂದೇ ನಿಮಿಷ ಕೇಳಿದ ಯಂತ್ರ ಮುನ್ನೂರು ಚಿಲ್ಲರೆ ಮದುವೆಗಳನ್ನು ಒಂದೇ ಗಣೇಶನ ಹಾಡೆಂದು ತೀರ್ಮಾನಿಸಿಬಿಟ್ಟಿತ್ತು. ನಾನು ತೆಗೆ ಎಂದಿದ್ದೆ.

“ಏನ್ರೀ, ಕರೆಂಟ್ ಹೋದಂಗಾಯ್ತು ಮುಖ?” ಎಂದಳು ಹೆಂಡತಿ.

ಕೈ ತೊಳೆಯದೆ ಎದ್ದೆ. ಎಂಜಲು ಕೈಯನ್ನು ಮೇಲಕ್ಕೆ ಹಿಡಿದುಕೊಂಡು ಎಡಗೈಯಲ್ಲಿ ಮೌಸ್ ಆಡಿಸಿದೆ. ಹಾಡುಗಳಿದ್ದ ಕಡೆ ನೋಡಿದೆ, ಇಲ್ಲ. ಕಸದ ಬುಟ್ಟಿಯಲ್ಲಿ ನೋಡಿದೆ, ಇಲ್ಲ. ದೊಡ್ಡಮ್ಮನಿಗೆ ಏನೆಂದು ಹೇಳುವುದು? ನಿನ್ನ ಹಾಡು ಇತ್ತು, ಜಾಗ ಉಳಿಸಲು ಹೋಗಿ ನಾನೇ ಕಳೆದೆ ಎಂದೇ? ಆಗ ಹಾರ್ಡ್ ಡಿಸ್ಕಿನ ಮೂಲೆಯಲ್ಲಿ ನಾನು ಮಾಡಿರದ ಒಂದು ಹೊಸ ಫೋಲ್ಡರ್ ಕಣ್ಣಿಗೆ ಬಿತ್ತು. ಆ ಪುಣ್ಯಾತ್ಮ ಸಾಫ್ಟ್‌ವೇರ್ ಯಾವುದನ್ನೂ ಅಳಿಸಿರಲಿಲ್ಲ. ಬೇಡದ್ದನ್ನೆಲ್ಲ ಎತ್ತಿ ಒಂದು ಕಡೆ ಇಟ್ಟು, ಹಾಡಿಗೊಂದರಂತೆ ಗುಂಪು ಮಾಡಿಟ್ಟಿತ್ತು. ಗಣೇಶನ ಗುಂಪು ತೆರೆದೆ. ಮೂರು ಗಂಟೆ ಉದ್ದದ್ದು, ನಾಲ್ಕು ಗಂಟೆಯದು, ಐದೂವರೆ ಗಂಟೆಯದು. ನನ್ನ ಮದುವೆಗಳು! ಒಂದೂ ಬಿಡದೆ, ಸಾಲಾಗಿ!

ಕುಣಿದುಬಿಟ್ಟೆ. ನಿಜವಾಗಿ ಕುಣಿದೆ, ಎಂಜಲು ಕೈಯಲ್ಲೇ. ಯಾವುದನ್ನು ಹನ್ನೊಂದು ದಿನ ಹುಡುಕಿದರೂ ಸಿಗದೆಂದು ಹೆದರಿದ್ದೆನೋ ಅದನ್ನೆಲ್ಲ ನಲವತ್ತು ಸಾವಿರದಿಂದ ಹೆಕ್ಕಿ ಆ ತಪ್ಪು ನನ್ನ ಮುಂದೆ ಸುರಿದಿತ್ತು.

“ನೋಡೇ, ಗಣೇಶ ಹಿಡಿದುಕೊಟ್ಟ!” ಎಂದೆ.

“ಹಿಡಿದುಕೊಟ್ಟಿದ್ದು ಗಣೇಶ, ಕಳೆಯೋಕ್ ಹೋಗಿದ್ದು ನೀವು. ಮೊದ್ಲು ಕೈ ತೊಳ್ಕೊಳ್ಳಿ,” ಎಂದಳು.

ನೀವೂ ಹಾಡು ಜೋಡಿಸುತ್ತಿದ್ದರೆ ಇದೊಂದನ್ನು ಮನಸ್ಸಿನಲ್ಲಿಡಿ. ಯಂತ್ರಕ್ಕೆ ಎತ್ತಿಡುವ ಕೆಲಸ ಕೊಡಿ, ಅಳಿಸುವ ಕೆಲಸ ಕೊಡಬೇಡಿ. ನನಗೆ ಸಿಕ್ಕ ಅದೃಷ್ಟ ನಿಮಗೆ ಸಿಗುತ್ತದೆಂದು ನಾನು ಖಾತ್ರಿ ಕೊಡಲಾರೆ.

ಮರುದಿನದಿಂದ ದೊಡ್ಡಮ್ಮ ಬೆಳಿಗ್ಗೆ ತಿಂಡಿ ಮುಗಿಸಿ ಬಂದು ನನ್ನ ಪಕ್ಕ ಕೂರತೊಡಗಿದರು. ಈ ಸಲ ಮೆಟ್ಟಿಲ ಮೇಲಲ್ಲ, ಕುರ್ಚಿಯ ಮೇಲೆ. ಒಂದೊಂದು ಫೈಲನ್ನೂ ಅಲ್ಲಲ್ಲಿ ಕೇಳಿಸಿ ಯಾರ ಮನೆಯದೆಂದು ಗುರುತು ಹಿಡಿಯುವುದು, ಚೀಟಿ ಬರೆಯುವುದು. ನನಗೆ ಗುರುತು ಸಿಗುತ್ತಿದ್ದದ್ದು ನನ್ನದೇ ಪ್ರಕಟಣೆಗಳಿಂದ: ‘ಹುಣಸೇಮರದ ಮನೆಯವರು ಎಲ್ಲಿದ್ದರೂ ಚಪ್ಪರದ ಬಳಿ ಬರಬೇಕು’, ‘ಹಾಲಿನ ವ್ಯಾನು ದಾರಿಗೆ ಅಡ್ಡ ನಿಂತಿದೆ’. ದೊಡ್ಡಮ್ಮನಿಗೆ ಅದೂ ಬೇಡ. ಹಿಂದೆ ಒಂದು ಹೆಂಗಸಿನ ನಗು ಕೇಳಿದರೆ ಸಾಕು.

“ಇದು ಮೂಲೆಮನೇದು. ನಗ್ತಾವಳಲ್ಲ, ಅವಳು ನಮ್ ಕೋಡಿಮನೆ ಸೊಸೆ. ಬೀಗರ ಪಾಯಸಕ್ಕೆ ಉಪ್ಪು ಆಕ್ಬಿಟ್ಟು ಇಂಗೆ ನಗ್ತಿದ್ಲು. ಬರ್ಕೋ, ಬರ್ಕೋ.”

“ಉಪ್ಪು ಹಾಕಿದ್ದೂ ಬರ್ಕೊಳ್ಳಾ?”

“ಬರ್ಕೊಳ್ದೆ ಏನು? ಮುಂದೆ ಯಾರಾದ್ರೂ ಕೇಳುದ್ರೆ?”

ಬರೆದುಕೊಂಡೆ. ಷರಾ ಬರೆಯಲು ಒಂದು ಖಾನೆ ಇದೆ, ಅಲ್ಲಿಯವರೆಗೂ ಅದು ಯಾತಕ್ಕೆಂದು ನನಗೆ ಗೊತ್ತೇ ಇರಲಿಲ್ಲ. ಯಾವ ಮನೆ, ಯಾವ ಛತ್ರ, ಯಾರ ಜಗಳ, ಯಾರ ಪಾಯಸ, ಎಲ್ಲ ಅದರೊಳಗೆ ಹೋದವು. ಅಪಾರ್ಟ್‌ಮೆಂಟಿನ ಕೆಳಗೆ ಸೇರಿಹೋದ ಮನೆಗಳೆಲ್ಲ ಒಂದೊಂದಾಗಿ ಪಟ್ಟಿಯಲ್ಲಿ ಎದ್ದು ನಿಲ್ಲುತ್ತಿದ್ದರೆ ನನಗೆ ಊಟ ತಿಂಡಿ ನೆನಪಾಗುತ್ತಿರಲಿಲ್ಲ. ನಾಲ್ಕು ದಿನ ಎಂದಿದ್ದೆ; ಆರು ದಿನ ಕಳೆಯಿತು. ದೊಡ್ಡಮ್ಮ ದಿನಾ ಹೋಗುವಾಗ ಬೆರಳು ಮಡಿಸಿ ಉಳಿದ ದಿನ ಎಣಿಸುತ್ತಿದ್ದರು.

ಏಳನೆಯ ದಿನ ಹನ್ನೊಂದು ಗಂಟೆಯ ಹೊತ್ತಿಗೆ, ಹೆಬ್ಬಾಳದ ಕಡೆಯ ಒಂದು ಮದುವೆಯ ರೆಕಾರ್ಡಿಂಗಿನಲ್ಲಿ ಬಳೆ ಸದ್ದಾಯಿತು, ಯಾರೋ ಗಂಟಲು ಸರಿಮಾಡಿಕೊಂಡರು, ಪದ ಶುರುವಾಯಿತು. ಅರಿಶಿನ ಕುಟ್ಟುವ ಪದ. ಇಪ್ಪತ್ತು ವರ್ಷ ಚಿಕ್ಕವರಾದ ದೊಡ್ಡಮ್ಮನ ಗಂಟಲು, ಗಂಟೆ ಹೊಡೆದ ಹಾಗೆ. ಪಕ್ಕದಲ್ಲಿದ್ದ ದೊಡ್ಡಮ್ಮ ನನ್ನ ಮೊಣಕೈ ಹಿಡಿದರು. ಹೊಲದಲ್ಲಿ ಅರಿಶಿನ ಕಿತ್ತದ್ದು ಒಂದನೆಯದು, ಬೇಯಿಸಿದ್ದು ಎರಡನೆಯದು, ಮೂರು, ನಾಲ್ಕು, ಬಿಸಿಲಿಗೆ ಹರವಿದ್ದು ಐದನೆಯದು. ಆರನೆಯದರ ಮೊದಲ ಅಕ್ಷರ ಬಾಯಿಂದ ಬರುವುದಕ್ಕೂ, ನನ್ನ ದನಿ ಧೊಪ್ಪನೆ ಬೀಳುವುದಕ್ಕೂ ಸರಿಹೋಯಿತು:

“ಎರಡನೇ ಪಂಕ್ತಿಯವರು ದಯಮಾಡಿ ಊಟಕ್ಕೆ ಬರಬೇಕು! ಎರಡನೇ ಪಂಕ್ತಿಯವರು!”

ನಾನು ತಲೆ ಎತ್ತಲಿಲ್ಲ.

“ಲೋ,” ಎಂದರು ದೊಡ್ಡಮ್ಮ. “ಆವತ್ತು ಅಷ್ಟೊಂದ್ ಅಸಿವಾ ನಿಂಗೆ?”

“ನಂಗಲ್ಲ ದೊಡ್ಡಮ್ಮ, ಅಡುಗೆಯೋರು ಕೈ ತೋರ್ಸಿದ್ರು...”

“ಅಡುಗೆಯೋನ್ ಮನೆ ಹಾಳಾಗ! ಒಂದ್ ಸೊಲ್ಲು ಕಾಯಕ್ಕಾಗ್ಲಿಲ್ವಾ ನಿಂಗೆ?”

ನಾನು ನಿಲ್ಲಿಸಲು ಮೌಸಿಗೆ ಕೈಹಾಕಿದೆ. ಅಷ್ಟರಲ್ಲಿ ಒಳಗೆ ನನ್ನ ಪ್ರಕಟಣೆ ಮುಗಿದಿತ್ತು. ಅದರ ಬೆನ್ನಿಗೇ, ಹಿಂದೆ ಹೇಳುವ ನಾಲ್ವರು ಹೆಂಗಸರು ತಮ್ಮ ಸರದಿ ಎತ್ತಿಕೊಂಡರು. ಮುಂದೆ ಹೇಳಿದ್ದನ್ನೇ ಹಿಂದೆ ಹೇಳುವುದು ತಾನೇ ಅವರ ಕೆಲಸ? ಸ್ವಚ್ಛವಾಗಿ, ಒಂದು ಅಕ್ಷರ ನುಂಗದೆ ಹೇಳಿದರು:

“ಒನಕೆ ಕರೆದಾವೆ, ಒರಳು ಕರೆದಾವೆ, ಅಣ್ಣನ ಮಗಳ ಅರಿಶಿಣಕೆ ಅತ್ತೆ ನೀ ಬಾರೆ.”

ದೊಡ್ಡಮ್ಮ ಕುರ್ಚಿಯಿಂದ ಎದ್ದೇಬಿಟ್ಟರು. “ಅತ್ತೆ ನೀ ಬಾರೆ! ಅಯ್ಯೋ ಮುಂಡೇದೆ, ಇಷ್ಟೇ ಕಣೋ! ಇಷ್ಟೇ!” ಎಂದು ನನ್ನ ಬೆನ್ನಿಗೆ ಗುದ್ದಿದರು. ಏಳು, ಎಂಟು, ಒಂಬತ್ತು ಕೇಳುವ ಅಗತ್ಯವೇ ಬೀಳಲಿಲ್ಲ. ಅಡುಗೆಮನೆಯಲ್ಲಿದ್ದ ನನ್ನ ಹೆಂಡತಿಗೆ ಎದುರಾಗಿ ನಿಂತು ಅಷ್ಟನ್ನೂ ಹೇಳಿ ಮುಗಿಸಿದರು. ಇವಳು ಸೌಟು ಹಿಡಿದುಕೊಂಡೇ ಹಿಂದೆ ಹೇಳಿದಳು. ದೊಡ್ಡಮ್ಮ ಮನೆಗೆ ಹೋಗುವ ಮುಂಚೆ ನಾನು ಆ ತುಣುಕನ್ನು ಮೊಮ್ಮಗಳ ಫೋನಿಗೆ ಕಳಿಸಿದೆ. ಎರಡು ನಿಮಿಷದಲ್ಲಿ ಉತ್ತರ ಬಂತು: ‘ಅಜ್ಜಿಗೆ ಹೇಳಿ ಅಂಕಲ್, ಅವರೇ ಹೇಳಬೇಕು. ಫೈನಲ್.’

ಹಳದಿಯ ದಿನ ಛತ್ರಕ್ಕೆ ನಾನು ನೆಂಟನಾಗಿ ಹೋದದ್ದು, ಸೌಂಡು ಡಿಜೆಯವನದು. ಅವನ ಹತ್ತಿರ ಅರ್ಧ ಗಂಟೆ ಒಂದು ಮೈಕ್ ಬೇಕಿತ್ತು. ಮೊದಲು ಮುಖ ಸಿಂಡರಿಸಿದ. ನನ್ನ ಎರಡನೇ ಪಂಕ್ತಿಯ ಗುಂಪಿನಿಂದ ಹತ್ತು ಹಾಡು ಕೇಳಿಸಿದೆ. ಹನ್ನೊಂದನೆಯದಕ್ಕೆ, “ಗುರುಗಳೇ, ಇದ್ನೆಲ್ಲಾ ಕೊಡ್ತೀರಾ?” ಎಂದ. ಕೊಟ್ಟೆ. ಮೈಕ್ ಬಂತು, ರೆಕಾರ್ಡ್ ಮಾಡಿಕೊಳ್ಳಲು ಅವನ ಮಿಕ್ಸರಿನಿಂದ ಒಂದು ತಂತಿಯೂ ಬಂತು.

ದೊಡ್ಡಮ್ಮ ಒರಳಿನ ಪಕ್ಕ ಚಾಪೆಯ ಮೇಲೆ ಕೂತರು. ಚಿಕ್ಕಜಾಲದವರೂ ದಾಸರಹಳ್ಳಿಯವರೂ ಬಂದಿದ್ದರು. ಕಡಿಮೆ ಬಿದ್ದ ಇಬ್ಬರ ಜಾಗದಲ್ಲಿ ನನ್ನ ಹೆಂಡತಿ, ಇನ್ನೊಂದು ಕಡೆ ಹಳದಿ ಬಟ್ಟೆ ತೊಟ್ಟ ಮದುಮಗಳ ಗೆಳತಿ. ಫೋನುಗಳು ಮೇಲೆದ್ದವು. ಒಂದನೇ ಸೊಲ್ಲು, ಎರಡು, ಮೂರು. ಐದನೆಯದು ಮುಗಿದಾಗ ದೊಡ್ಡಮ್ಮ ಒಂದು ಗಳಿಗೆ ನಿಲ್ಲಿಸಿದರು. ಮದುಮಗಳು ಕಣ್ಣು ಮುಚ್ಚಿಕೊಂಡಳು. ದೊಡ್ಡಮ್ಮ ನಿಂತದ್ದು ಮರೆತಲ್ಲ. ಸೋದರತ್ತೆ ಎಲ್ಲಿದ್ದಾಳೆಂದು ಕತ್ತು ಎತ್ತಿ ಹುಡುಕುತ್ತಿದ್ದರು. ಬಾಗಿಲ ಬಳಿ ಫೋನಿನಲ್ಲಿ ಮಾತಾಡುತ್ತಿದ್ದ ಅವಳ ಕಡೆಗೇ ಬೆರಳು ತೋರಿಸಿ ಆರನೆಯದನ್ನು ಎತ್ತಿದರು. ಅತ್ತೆ ಫೋನ್ ಬಿಸಾಕಿದಂತೆ ಯಾರದೋ ಕೈಗೆ ಕೊಟ್ಟು ಓಡಿಬಂದು ಒನಕೆ ಹಿಡಿದಳು. ಮೊದಲ ಏಟು ಬಿತ್ತು.

ಒಂಬತ್ತು ಮುಗಿಯಿತು. ಚಪ್ಪಾಳೆ ಎದ್ದಿತು. ಆದರೆ ದೊಡ್ಡಮ್ಮ ಮೈಕ್ ಬಿಡಲಿಲ್ಲ. ಗಂಡಿನ ಕಡೆಯವರ ಸಾಲಿನತ್ತ ತಿರುಗಿ, ಯಾವ ಕ್ಯಾಸೆಟ್ಟಿನಲ್ಲೂ ಇಲ್ಲದ, ಬೀಗರನ್ನು ಹಂಗಿಸುವ ಪದವೊಂದನ್ನು ಆ ಕ್ಷಣಕ್ಕೇ ಕಟ್ಟಿ ಬಿಟ್ಟರು:

“ಬಸ್ಸಿಗೆ ಬಂದ ಬೀಗರು ಬಾಗಿಲಲ್ಲೇ ನಿಂತವ್ರೆ, ಬಾಳೆಲೆ ಹಾಕೋ ಮುಂಚೆ ಬೆರಳ ತೊಳೆದವ್ರೆ.”

ಛತ್ರ ಗೊಳ್ಳೆಂದಿತು. ಗಂಡಿನ ತಾಯಿ, ದೊಡ್ಡಬಳ್ಳಾಪುರದ ಕಡೆಯ ಗಟ್ಟಿ ಹೆಂಗಸು, ಅಲ್ಲಿಯವರೆಗೆ ರೇಷ್ಮೆ ಸೀರೆಯಲ್ಲಿ ಬೊಂಬೆಯ ಹಾಗೆ ಕೂತಿದ್ದವರು, ಸೆರಗು ಸಿಕ್ಕಿಸಿಕೊಂಡು ಎದ್ದರು. ನಡೆದು ಬಂದು ಮೈಕನ್ನು ಕಿತ್ತುಕೊಂಡರು:

“ಬೆರಳ ತೊಳೆದದ್ದು ಬಡಿಸಾಕೆ ಬೀಗಿತ್ತಿ, ಬಡಿಸೋರೇ ಇಲ್ಲಾಂತ ಬಾಗಿಲಲ್ಲೇ ಕಂಡೆವು.”

ಆಮೇಲೆ ನಡೆದದ್ದನ್ನು ಏನು ಹೇಳಲಿ! ಇವರೊಂದು, ಅವರೊಂದು, ಮೈಕ್ ಚಾಪೆಯ ಆ ಕಡೆ ಈ ಕಡೆ. ಡಿಜೆಯವನು ತನ್ನ ಹೆಡ್‌ಫೋನ್ ಕತ್ತಿಗಿಳಿಸಿ ಬಾಯಿ ತೆರೆದು ನೋಡುತ್ತಿದ್ದ. ಮದುಮಗಳು ನಕ್ಕು ನಕ್ಕು ಮುಖದ ಅರಿಶಿನವನ್ನೆಲ್ಲ ಅಜ್ಜಿಯ ಹೆಗಲಿಗೆ ಮೆತ್ತಿದ್ದಳು. ಅರ್ಧ ಗಂಟೆ ಕೇಳಿದ್ದೆ, ಒಂದೂಕಾಲು ಗಂಟೆ ನಡೆಯಿತು.

ಊಟದ ಸಾಲಿನಲ್ಲಿ ಇಬ್ಬರೂ ಬೀಗಿತ್ತಿಯರು ಅಕ್ಕಪಕ್ಕ ಕೂರುತ್ತಿದ್ದರು. ಬಿಸಿಬಿಸಿಯಾಗಿ ಚೀಟಿ ಬರೆದುಬಿಡೋಣ ಎಂದು ಲ್ಯಾಪ್‌ಟಾಪ್ ಹಿಡಿದುಕೊಂಡೇ ಹೋದೆ. ಬಗೆ: ಅರಿಶಿನ. ಹಾಡಿದವರು ಎನ್ನುವ ಖಾನೆಗೆ ಬಂದಾಗ ಬೆರಳು ನಿಂತಿತು.

“ದೊಡ್ಡಮ್ಮ, ಹಾಡಿದೋರು ಯಾರು ಅಂತ ಬರೀಲಿ?”

“ಎಣ್ಣಿನ ಕಡೆಯೋರು ಗೆದ್ರು ಅಂತ ಬರಿ.”

“ಹಂಗೇನಾದ್ರೂ ಬರ್ಕೊಂಡ್ರೆ,” ಎಂದರು ಗಂಡಿನ ತಾಯಿ, ಎಲೆಗೆ ನೀರು ಚಿಮುಕಿಸಿಕೊಳ್ಳುತ್ತಾ, “ನಾವು ಊಟ ಮಾಡ್ದೆ ಎದ್ದು ಹೋಗ್ತೀವಿ. ಲ್ಯಾಪ್‌ಟಾಪ್ ಹಿಡ್ಕೊಂಡು ಏನ್ ನೋಡ್ತಾ ನಿಂತಿದ್ದೀಯಪ್ಪಾ, ಪಾಯಸ ಎಲ್ಲಿ?”